ಕಳಿಸಿದ್ದೇನೆ, ತಲುಪಿದ್ದು ಗೊತ್ತಿಲ್ಲ

ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕನ್ನಡದ ತಾಣ ನಡೆಸುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟಿಯೇ ಹುಟ್ಟುತ್ತದೆ: ಓದುಗರು ಬರಲಿ ಎಂದು ಕಾಯುವುದೇಕೆ, ನಾವೇ ಅವರ ಇನ್‌ಬಾಕ್ಸಿಗೆ ಹೋಗಿಬಿಡೋಣ. ಹಾಗೆ ಇಮೇಲ್ ಪತ್ರಿಕೆ ಕಳಿಸುವುದಕ್ಕೊಂದು ಉಚಿತ ಪ್ಲಗಿನ್, ಅಂದರೆ ತಾಣಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಇದ್ದೇ ಇರುತ್ತದೆ. ಇನ್‌ಸ್ಟಾಲ್ ಮಾಡಿ ಆಕ್ಟಿವೇಟ್ ಒತ್ತಿದರೆ ಪುಟದ ಬಲಬದಿಗೆ ‘ನಿಮ್ಮ ಇಮೇಲ್ ಕೊಡಿ’ ಎಂಬ ಪೆಟ್ಟಿಗೆ ಬಂದು ಕೂರುತ್ತದೆ. ಜೊತೆಗೆ ಸಂಪಾದಕರ ಗತ್ತೂ ಬರುತ್ತದೆ.

ಸಂಚಿಕೆ ಕಳಿಸಿದ ಕೂಡಲೇ ಪ್ಲಗಿನ್ ಹಸಿರು ಟಿಕ್ ಹಾಕಿ ‘ಸೆಂಟ್’ ಅನ್ನುತ್ತದೆ. ನನ್ನ ತಕರಾರಿರುವುದೇ ಈ ಟಿಕ್ಕಿನ ಮೇಲೆ. ಅದು ನಿಜಕ್ಕೂ ಮಾಡಿದ್ದಿಷ್ಟೇ: ಪತ್ರವನ್ನು ವರ್ಡ್‌ಪ್ರೆಸ್ ಕೈಗಿತ್ತಿತು, ವರ್ಡ್‌ಪ್ರೆಸ್ ಅದನ್ನು ತಾಣಕ್ಕೆ ಬಾಡಿಗೆ ಜಾಗ ಕೊಟ್ಟ ಹೋಸ್ಟಿಂಗ್ ಸರ್ವರ್‌ಗೆ ದಾಟಿಸಿತು. ಅಲ್ಲಿಂದಾಚೆಗೆ ದೇವರೇ ಗತಿ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರ್ ಮೇಲೆ ನೂರಾರು ತಾಣಗಳಿರುತ್ತವೆ. ಅವುಗಳಲ್ಲೊಂದು ಲಾಟರಿ ಮೇಲ್ ಹಂಚಿದರೆ ಆ ಸರ್ವರಿನ ಐಪಿ ವಿಳಾಸಕ್ಕೆ ಬಂದ ಕೆಟ್ಟ ಹೆಸರು ನಮ್ಮ ಕವಿತೆಗೂ ಅಂಟುತ್ತದೆ.

‘ಭಾನುವಾರ ಬೆಳಿಗ್ಗೆ 6ಕ್ಕೆ ಕಳಿಸು’ ಎಂದು ಗೊತ್ತುಮಾಡಿ ಮಲಗಬಹುದು. ಆದರೆ ವರ್ಡ್‌ಪ್ರೆಸ್‌ನ ಕ್ರಾನ್ ಎಂಬ ವ್ಯವಸ್ಥೆ, ಯಾರಾದರೂ ಬಾಗಿಲು ಬಡಿದಾಗಷ್ಟೇ ಎಚ್ಚರಗೊಂಡು ಗಂಟೆ ಎಷ್ಟೆಂದು ನೋಡುವ ಕಾವಲುಗಾರನ ಹಾಗೆ. ತಾಣಕ್ಕೆ ಯಾರೂ ಕಾಲಿಡದಿದ್ದರೆ ಕೆಲಸ ಶುರುವಾಗುವುದಿಲ್ಲ. ಓದುಗರು ಬರುತ್ತಿಲ್ಲವೆಂದು ಹಾಕಿಕೊಂಡ ಪ್ಲಗಿನ್ ಓಡಲು ಓದುಗರೇ ಬರಬೇಕು!

ಕನ್ನಡಕ್ಕೆ ಇನ್ನೊಂದು ಕಷ್ಟವಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯೂಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ‘ಸ್ತ್ರೀ’ಗೆ ಹದಿನೆಂಟು ಬೇಕು. ಕೆಲವು ಪ್ಲಗಿನ್‌ಗಳು ಉದ್ದದ ಶೀರ್ಷಿಕೆಯನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತವೆ. ಕತ್ತರಿ ಅಕ್ಷರದ ನಡುವೆ ಬಿದ್ದರೆ ಯುಗಾದಿ ವಿಶೇಷಾಂಕದ ಹೆಸರಿನ ತುದಿಯಲ್ಲಿ ಪ್ರಶ್ನಾರ್ಥಕ ಹೊತ್ತ ಕರಿ ವಜ್ರವೊಂದು ಕೂತಿರುತ್ತದೆ. ಒಳಗಿನ ಕಥೆ ಇನ್ನೂ ಕೆಟ್ಟದ್ದು. ಸುಮಾರು 102 ಕೆಬಿ ದಾಟಿದ ಪತ್ರವನ್ನು ಜಿಮೇಲ್ ಅರ್ಧಕ್ಕೇ ಮಡಚಿಡುತ್ತದೆ. ಪ್ಲಗಿನ್ ಸುರಿಯುವ ಟೇಬಲ್ಲು, ಬಣ್ಣಗಳ ಕೋಡೇ ಸಾಕಷ್ಟು ಜಾಗ ತಿಂದಿರುತ್ತದೆ; ಮೇಲೆ ಮೂರು ಪಟ್ಟು ತೂಗುವ ಕನ್ನಡ. ಮಡಚಿದ ಭಾಗದಲ್ಲೇ ‘ಚಂದಾ ರದ್ದುಮಾಡಿ’ ಎಂಬ ಕೊಂಡಿ ಸಿಕ್ಕಿಕೊಳ್ಳುತ್ತದೆ. ಬೇಡವೆನಿಸಿದ ಓದುಗ ಅದನ್ನು ಹುಡುಕಿ, ಸಿಗದೆ, ಕಣ್ಣೆದುರಿಗಿರುವ ಸ್ಪ್ಯಾಮ್ ಗುಂಡಿ ಒತ್ತುತ್ತಾನೆ. ಅವನದೇನೂ ತಪ್ಪಿಲ್ಲ. ಆದರೆ ಸ್ಪ್ಯಾಮ್ ದೂರು ಶೇ. 0.3ಕ್ಕೆ ಮುಟ್ಟಬಾರದೆನ್ನುತ್ತದೆ ಗೂಗಲ್. ಮುನ್ನೂರು ಚಂದಾದಾರರ ಪತ್ರಿಕೆಯಲ್ಲಿ ಒಬ್ಬರು ಮುನಿಸಿಕೊಂಡರೆ ಗೆರೆ ದಾಟಿದಂತೆಯೇ!

2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಬಿಗಿಯಾಗಿವೆ. ಪತ್ರ ನಿಜಕ್ಕೂ ನಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ಗುರುತಿನ ಚೀಟಿಗಳಲ್ಲಿ ಒಂದನ್ನಾದರೂ, ರಾಶಿಗಟ್ಟಲೆ ಕಳಿಸುವವರಾದರೆ ಡಿಮಾರ್ಕ್ ಸೇರಿ ಮೂರನ್ನೂ, ಡೊಮೇನ್ (ತಾಣದ ಹೆಸರಿನ) ಖಾತೆಯಲ್ಲಿ ಬರೆಸಿಡಬೇಕು. ಪ್ಲಗಿನ್ ಅದಕ್ಕೆ ಕೈಹಾಕುವುದಿಲ್ಲ. ‘ಪ್ರೊ’ ಆವೃತ್ತಿ ಕೊಳ್ಳಿರೆಂಬ ಪಟ್ಟಿಯನ್ನು ಮಾತ್ರ ಪ್ರತಿ ಪುಟದ ನೆತ್ತಿಯ ಮೇಲೂ ಹಾರಿಸುತ್ತದೆ.

ಇನ್ನು ಅದರ ಸಲಿಗೆ. ಹೆಸರಿನ ಮೊದಲ ಪದವೇ ಕರೆಯುವ ಹೆಸರೆಂದು ಅದು ನಂಬಿದೆ. ನಮ್ಮಲ್ಲಿ ಇನಿಷಿಯಲ್ಲು ಮುಂದೆ ತಾನೆ? ನಿವೃತ್ತ ಮೇಷ್ಟ್ರೊಬ್ಬರು ಚಂದಾದಾರರಾದರೆ ‘ಹಾಯ್ ಎಚ್.!’ ಎಂದು ಪತ್ರ ಹೋಗುತ್ತದೆ. ‘ಹಾಯ್’ ತೆಗೆದು ‘ಅವರೇ’ ಸೇರಿಸಿ ನೋಡಿ, ‘ಎಚ್. ಅವರೇ’ ಆಗುತ್ತದೆ. ಹೆಸರು ಕೊಡದವರಿಗೆ ಬರೀ ‘ಅವರೇ’ ಹೋಗುತ್ತದೆ, ಚಳಿಗಾಲವಾದರೆ ಕಾಳೆಂದುಕೊಂಡಾರು.

ಇಷ್ಟಾದರೂ ಅಂಕಿಅಂಶದ ಪುಟ ಮಾತ್ರ ಸದಾ ಹಬ್ಬದಂತಿರುತ್ತದೆ. ಪತ್ರದೊಳಗೆ ಬಚ್ಚಿಟ್ಟ ಪುಟ್ಟ ಚಿತ್ರ ಲೋಡ್ ಆದರೆ ‘ಓದಿದರು’ ಎಂದೇ ಲೆಕ್ಕ. 2021ರಿಂದ ಆಪಲ್‌ನ ಮೇಲ್ ಆ್ಯಪ್, ಗೌಪ್ಯತೆಯ ಆಯ್ಕೆ ಒಪ್ಪಿಕೊಂಡವರ ಚಿತ್ರಗಳನ್ನು ತಾನೇ ಮೊದಲು ತರಿಸಿಕೊಳ್ಳುತ್ತದೆ. ಹಾಗಾಗಿ ಐಫೋನ್ ಹಿಡಿದ ನಮ್ಮ ಅಮೆರಿಕದ ಕನ್ನಡಿಗರು ಒಂದು ಸಂಚಿಕೆಯನ್ನೂ ಬಿಡದೆ ಓದುತ್ತಿರುವಂತೆ ತೋರುತ್ತದೆ. ಚಿತ್ರ ಬೇಡವೆಂದು ನಿಲ್ಲಿಸಿ, ಅಕ್ಷರ ಅಕ್ಷರವನ್ನೂ ಓದುವ ಶಿರಸಿಯ ಹಿರಿಯರು ಈ ಲೆಕ್ಕದಲ್ಲಿ ಓದದವರು.

ಅಂಥವರೇ ಉತ್ತರ ಬರೆಯುವುದೂ. ಪ್ಲಗಿನ್ ಯಾರದೂ ಅಲ್ಲದ ‘ವರ್ಡ್‌ಪ್ರೆಸ್’ ಎಂಬ ವಿಳಾಸದಿಂದ ಪತ್ರ ಕಳಿಸಿದ್ದರೆ ಆ ಉತ್ತರ ಗೋಡೆಗೆ ಬಡಿದು ಅವರಿಗೇ ವಾಪಸಾಗುತ್ತದೆ. ಹೊಸದಾಗಿ ಪ್ಲಗಿನ್ ಹಾಕಿಕೊಳ್ಳುವವರು ಬಣ್ಣ, ಬ್ಯಾನರ್ ಎಲ್ಲ ಆಮೇಲೆ ನೋಡಿಕೊಳ್ಳಲಿ. ಮೊದಲು, ಉತ್ತರ ಎಲ್ಲಿಗೆ ಬರಬೇಕೆಂದು ಹೇಳುವ ‘ರಿಪ್ಲೈ-ಟು’ ಖಾನೆಯಲ್ಲಿ ತಾವು ದಿನವೂ ತೆರೆಯುವ ವಿಳಾಸ ತುಂಬಲಿ.