ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ

ಹೋದ ವರ್ಷ ಮೇ ತಿಂಗಳು, ಚಿತ್ತಾಪುರದ ಹತ್ತಿರ ನಮ್ಮ ಕಾಕಾನ ಮಗಳ ಮದುವೆ. ಮಧ್ಯಾಹ್ನದ ಹೊತ್ತು, ತಗಡಿನ ಶೆಡ್ಡಿನ ಕೆಳಗೆ ಊಟ ನಡೆದಿತ್ತು. ಬೆಳಗಿನಿಂದ ಓಡಾಡುತ್ತಿದ್ದ ಕಾಕಾ ಅಲ್ಲೇ ಕುಸಿದು ಬಿದ್ದರು. "ಬೇಹೋಷ್ ಆಗ್ಯಾನ, ನೀರು ತರ್ರಿ" ಅಂತ ಒಬ್ಬರು ಕೂಗಿದರು. "ಮಗಳು ಹೋಗ್ತಾಳಂತ ಮನಸ್ಸಿಗಿ ಹಚ್ಕೊಂಡಾನ" ಅಂತ ಇನ್ನೊಬ್ಬರು. ಯಾರೋ ತಲೆ ಎತ್ತಿ ಹಿಡಿದರು, ಇನ್ಯಾರೋ ಬಾಯಿಗೆ ಲೋಟ ಹಿಡಿದರು. ಕಾಕಾನ ಗಂಟಲಲ್ಲಿ ಗೊರಗೊರ ಸದ್ದು. ಅದು ಇನ್ನೂ ನನ್ನ ಕಿವಿಯಲ್ಲೇ ಇದೆ.

ನೀರು ನೆತ್ತಿಗೆ ಹತ್ತಿದರೆ ನಾವು ಕೆಮ್ಮಿ ಹೊರಗೆ ಹಾಕುತ್ತೇವೆ ಅಲ್ವಾ? ಎಚ್ಚರ ತಪ್ಪಿದವರಿಗೆ ಅದು ಆಗದೇ ಇರಬಹುದು. ನಿದ್ದೆಯಲ್ಲಿದ್ದವರು ಅಲುಗಾಡಿಸಿದರೆ ಏಳುತ್ತಾರೆ, ಇವರು ಏಳುವುದಿಲ್ಲ. ಮೆದುಳಿನ ಬುಡದಲ್ಲಿ ನಮ್ಮನ್ನು ಎಚ್ಚರವಾಗಿಡುವ ನರಗಳ ಜಾಲ ಒಂದಿದೆ. ಅದಕ್ಕೆ ಪೆಟ್ಟು ಬಿದ್ದರೆ, ಮೆದುಳಿಗೆ ರಕ್ತ ಅಥವಾ ಸಕ್ಕರೆ ಸಾಲದಿದ್ದರೆ, ಮೈ ವಿಪರೀತ ಕಾದರೆ ಎಚ್ಚರ ಹೋಗುತ್ತದೆ. ನುಂಗುವ, ಕೆಮ್ಮುವ ಶಕ್ತಿಯೂ ಅದರ ಜೊತೆ ಹೋಗಬಹುದು. ಕಾಕಾನ ಮೈ ಹಂಚಿನಂತೆ ಸುಡುತ್ತಿತ್ತು. ಅವರನ್ನು ಕೆಡವಿದ್ದು ದುಃಖ ಅಲ್ಲ, ನಮ್ಮ ಕಡೆಯ ಬಿಸಿಲು.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಕಾಕಾನ ಹೆಸರು ಹಿಡಿದು ಜೋರಾಗಿ ಕರೆದರು. ಆಮೇಲೆ ಪೆನ್ನಿನಿಂದ ಉಗುರು ಒತ್ತಿದರು. ಕಾಕಾನ ಹೆಂಡತಿ ಸಣ್ಣವ್ವ ಅಳುತ್ತಾ "ಯಾಕ್ರಿ ಹಂಗ ನೋವು ಮಾಡ್ತೀರಿ" ಅಂದರು. ಅದು ಸುಮ್ನೆ ಮಾಡಿದ್ದಲ್ಲ. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈ ಎಳೆದುಕೊಳ್ಳುತ್ತಾರಾ ಅಂತ ನೋಡಿ ಅಂಕ ಕೊಡುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್, ಜೆನೆಟ್ ಎಂಬ ಇಬ್ಬರು ವೈದ್ಯರು ಮಾಡಿದ ಅಳತೆ ಇದು. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೆ 3. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೋಮಾ ಅನ್ನುತ್ತಾರೆ. ಕಾಕಾ ಅಷ್ಟಕ್ಕೆ ಇಳಿದಿರಲಿಲ್ಲ, ಪುಣ್ಯ. ಆದರೆ ಆ ಲೋಟದ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಯಿತು. ಬಿಸಿಲಿನ ಹೊಡೆತಕ್ಕಿಂತ ಅದಕ್ಕೇ ಜಾಸ್ತಿ ದಿನ ಮಲಗಿದರು.

"ಮನಸ್ಸಿಗಿ ಹಚ್ಕೊಂಡಾನ" ಅಂದ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಭಯಕ್ಕೆ, ದುಃಖಕ್ಕೆ ರಕ್ತದೊತ್ತಡ ಒಮ್ಮೆಲೇ ಇಳಿದು ಜನ ಬೀಳುವುದು ನಿಜ. ಆದರೆ ಅವರನ್ನು ಮಲಗಿಸಿದರೆ ಸಾಮಾನ್ಯವಾಗಿ ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಬಿಡಲಿಲ್ಲ ಅಂದರೆ ಮನಸ್ಸಿನ ಮಾತು ಆಮೇಲೆ, ಮೊದಲು 108. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಮೈ ಸುಡುತ್ತಿದ್ದರೆ ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ಗಾಳಿ ಬೀಸಿ. ಬಾಯಿಗೆ ಮಾತ್ರ ಬೇಡ. ಈರುಳ್ಳಿ, ಚಪ್ಪಲಿ ಮೂಸಿಸುವುದೂ ಬೇಡ.

ಎಚ್ಚರ ತಪ್ಪಿದ್ದಕ್ಕೂ, ಮನಸ್ಸಿನ ವೈದ್ಯ ಫ್ರಾಯ್ಡ್ ಹೇಳಿದ ಸುಪ್ತ ಮನಸ್ಸಿಗೂ ಇಂಗ್ಲಿಷಿನಲ್ಲಿ 'ಅನ್‌ಕಾನ್ಷಿಯಸ್' ಅಂತಲೇ ಅನ್ನುತ್ತಾರೆ, ಆದರೆ ಸುಪ್ತ ಮನಸ್ಸು ಬೇರೆಯೇ. ಅದು ನಾವು ಎಚ್ಚರ ಇದ್ದಾಗಲೂ ನಮಗೆ ಗೊತ್ತಾಗದಂತೆ ಒಳಗೆ ಕೆಲಸ ಮಾಡುತ್ತದೆ. ಈಗ ಓಣಿಯಲ್ಲಿ ಯಾರದೇ ಮದುವೆಯ ಬ್ಯಾಂಡ್ ಕೇಳಿದರೂ ಸಣ್ಣವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಕಾಕಾನ ಹಣೆ ಮುಟ್ಟಿ ನೋಡುತ್ತಾರೆ. ಯಾಕೆ ಅಂತ ಕೇಳಿದರೆ, "ನಾ ಎಲ್ಲಿ ಮುಟ್ಟಿದೆ?" ಅನ್ನುತ್ತಾರೆ.