ಇಲ್ಲಿ ರಾಜಕೀಯ ಬೇಡ

ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಒಂದೇ ನಿಯಮ: ‘ಇಲ್ಲಿ ರಾಜಕೀಯ ಬೇಡ’. ಮೊನ್ನೆ ಒಬ್ಬರು ಕೇಳಿದರು, ‘ಟ್ಯಾಂಕರ್‌ಗೆ ಇಷ್ಟೊಂದು ದುಡ್ಡು ಸುರಿಯುತ್ತಿದ್ದೇವೆ, ನಲ್ಲಿಯಲ್ಲಿ ವಾರಕ್ಕೆ ಒಂದೇ ದಿನ ನೀರು ಯಾಕೆ?’ ಅಡ್ಮಿನ್ ಮೆಸೇಜನ್ನೇ ಅಳಿಸಿದರು. ಐದೇ ನಿಮಿಷ, ಮತ್ತೆ ಗುಡ್ ಮಾರ್ನಿಂಗ್ ಹೂವುಗಳು ಶುರು.

ನೀರಿನ ಪ್ರಶ್ನೆ ರಾಜಕೀಯ ಅಂತ ಅವರು ಗುರುತಿಸಿದ್ದು ಸರಿಯೇ. ಅಳಿಸಿದ್ದು ಮಾತ್ರ ತಪ್ಪು.

ಆಫೀಸಿನಲ್ಲಿ ಯಾರೋ ಬತ್ತಿ ಇಟ್ಟರೂ ‘ಪಾಲಿಟಿಕ್ಸ್ ಮಾಡ್ತಾನೆ’ ಅಂತೀವಿ. ರೆಸಾರ್ಟು, ಕುರ್ಚಿ ಜಗಳ ನೋಡಿ ನೋಡಿ ಆ ಪದವೇ ಬೈಗುಳವಾಗಿದೆ. ನನಗೆ ಮಾತ್ರ ರಾಜಕೀಯ ಅಂದ ತಕ್ಷಣ ಕೊಳಗ ನೆನಪಾಗುತ್ತದೆ. ಭತ್ತ ಅಳೆಯುವ ಕೊಳಗ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಡೆಯರ ಗದ್ದೆ ಉಳುತ್ತಿದ್ದ ಗೇಣಿದಾರರು, ಬೆಳೆದ ಭತ್ತದಲ್ಲಿ ಗೇಣಿಯನ್ನು ಒಡೆಯರಿಗೆ ಅಳೆದು ಕೊಡಬೇಕಿತ್ತು. ಕೊಳಗವೂ ಒಡೆಯರದ್ದೇ. ಅದು ರೂಢಿಯ ಕೊಳಗಕ್ಕಿಂತ ದೊಡ್ಡದು! ‘ಈ ಅಳತೆ ಸರಿಯಿಲ್ಲ’ ಅಂದರು ರೈತರು. ಆ ಮಾತು ಬೆಳೆದು 1951ರಲ್ಲಿ ಸತ್ಯಾಗ್ರಹವಾಯಿತು. ನೇಗಿಲು ಹಿಡಿದು ಗದ್ದೆಗೆ ಇಳಿದವರು ಜೈಲು ಸೇರಿದರು. ದೂರದಿಂದ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು. ಹೋರಾಟದ ಮುಂದಾಳು ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಆ ಭಾಗದಿಂದ ಗೆದ್ದು ವಿಧಾನಸಭೆಗೆ ಹೋದರು.

ಹಾಗಂತ ಗೇಣಿ ಮರುದಿನ ನಿಲ್ಲಲಿಲ್ಲ. ಗೇಣಿ ತೆಗೆದು ಉಳುವವನನ್ನೇ ಒಡೆಯನನ್ನಾಗಿಸುವ ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆ ಕಾನೂನು ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ. ಅಂದರೆ ಜೈಲಿಗೆ ಹೋದ 23 ವರ್ಷದ ಮೇಲೆ. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಈಗಿನವರಿಗೆ ಒಂದು ಟ್ರೆಂಡಿಂಗ್ ಎರಡು ದಿನ ನಡೆದರೆ ಜಾಸ್ತಿ, ಅಲ್ವಾ?

ಕಾನೂನು ಬಂದಾಗಲೂ ಜಮೀನು ತಾನಾಗಿ ಬರಲಿಲ್ಲ. ಉಳುವವನೇ ‘ಡಿಕ್ಲರೇಷನ್’, ಅಂದರೆ ಈ ಗದ್ದೆ ಉಳುತ್ತಿರುವುದು ನಾನೇ ಅನ್ನುವ ಅರ್ಜಿ, ಕೊಡಬೇಕು, ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕು. ಅರ್ಜಿ ಹಾಕಿದ ಎಷ್ಟೋ ಜನ ಒಡೆಯರಾದರು. ಹೆದರಿಕೆಗೋ ಮುಲಾಜಿಗೋ ‘ನಮಗ್ಯಾಕೆ ಆ ಉಸಾಬರಿ’ ಅಂತ ಸುಮ್ನೆ ಕೂತವರೂ ಇದ್ದರು. ಅವರಿಗೆ ಗದ್ದೆ ಸಿಗಲಿಲ್ಲ. ಆ ‘ನಮಗ್ಯಾಕೆ’ ಅನ್ನುವುದು ನಮ್ಮ ಗ್ರೂಪಿನ ನಿಯಮದ ಹಾಗೇ ಕೇಳಿಸುತ್ತದೆ ನನಗೆ.

ನಮ್ಮ ಅಡ್ಮಿನ್ ಕೆಟ್ಟವರಲ್ಲ. ಜಗಳ ಆಗದಿರಲಿ ಅಂತ ಅವರ ಆಸೆ. ಆದರೆ ಜಗಳವಿಲ್ಲದ ಊರಲ್ಲಿ ಕೊಳಗ ಯಾರ ಮನೆಯದು ಅಂತಲೂ ಒಮ್ಮೆ ನೋಡಬೇಕಲ್ಲ.

ಇವತ್ತು ಬೆಳಗ್ಗೆ ಅದೇ ನೀರಿನ ಪ್ರಶ್ನೆಯನ್ನು ನಾನು ಮತ್ತೆ ಹಾಕಿದೆ, ಮೂರು ತಿಂಗಳ ಟ್ಯಾಂಕರ್ ಬಿಲ್ಲಿನ ಫೋಟೋ ಸಮೇತ. ಇದನ್ನು ಬರೆಯುವ ಹೊತ್ತಿಗೆ ಇನ್ನೂ ಅಳಿಸಿಲ್ಲ. ಇಬ್ಬರು ತಮ್ಮ ಬಿಲ್ಲನ್ನೂ ಹಾಕಿದ್ದಾರೆ.