ಅತ್ತೆಯ ಜೊತೆ ಹೋದ ನನ್ನನ್ನು ಹೊರಗೆ ಕೂರಿಸಿದರು

ಕಳೆದ ತಿಂಗಳು ಅತ್ತೆಗೆ ಮೊಣಗಂಟು ನೋವು ಜಾಸ್ತಿಯಾಗಿ ಇಲ್ಲೇ ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಒ.ಪಿ. ಚೀಟಿ ಮಾಡಿಸಿ ಕಾದೆವು. ಹೆಸರು ಕರೆದಾಗ ಇಬ್ಬರೂ ಎದ್ದೆವು. ಸಿಸ್ಟರ್ ಕೈಯಲ್ಲಿ ಒಂದು ಫಾರಂ ಇತ್ತು. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ, ಅಮ್ಮನ ಹತ್ರ ಕೇಳ್ಲಿಕ್ಕುಂಟು" ಅಂದರು. ಬಾಗಿಲು ಮುಚ್ಚಿತು.

ನನಗೆ ಚುರುಕ್ ಅಂತು. ಹದಿನಾಲ್ಕು ವರ್ಷದಿಂದ ಅತ್ತೆಯ ಜೊತೆ ಒಂದೇ ಅಡುಗೆಮನೆಯಲ್ಲಿ ಇದ್ದವಳು ನಾನು. ಅವರ ಬಿ.ಪಿ. ಮಾತ್ರೆ ಯಾವುದು, ಯಾವ ಇಂಜೆಕ್ಷನ್ ಆಗುವುದಿಲ್ಲ, ರಾತ್ರಿ ಎಷ್ಟು ಸಲ ಏಳುತ್ತಾರೆ, ಎಲ್ಲ ಗೊತ್ತು. ನಾನು ಪಕ್ಕದಲ್ಲಿಲ್ಲದೆ ಇವರು ಏನು ಹೇಳಿಯಾರು ಅನ್ನಿಸಿತು.

ಹತ್ತು ನಿಮಿಷ ಬಿಟ್ಟು ಅತ್ತೆ ಬಂದರು. ಮೊಣಗಂಟು ನೋವು ಅಂತ ಹೋದವರ ಕೈಯಲ್ಲಿ ಇನ್ನೊಬ್ಬ ಡಾಕ್ಟರಿಗೆ ಬರೆದ ಚೀಟಿಯೂ ಇತ್ತು. ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮುಂದೆ ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಏನೋ ಒಂದು, ಆ ಮುಚ್ಚಿದ ಬಾಗಿಲಿನ ಹಿಂದೆ ಹೊರಗೆ ಬಂದಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಪೆರ್ಲ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.

ನನ್ನ ತವರು ಕರ್ನಾಟಕದ ವಿಟ್ಲ ಕಡೆ. ಇಲ್ಲಿಂದ ದೂರವೇನೂ ಅಲ್ಲ, ಆದರೆ ಸಾರಡ್ಕದ ಗಡಿ ದಾಟಿ ಬೋರ್ಡುಗಳೆಲ್ಲ ಕನ್ನಡವಾದ ಕೂಡಲೇ ನನಗೆ ಇಂದಿಗೂ ಉಸಿರು ಸಲೀಸಾಗುತ್ತದೆ. ಅದಕ್ಕೇ ಮುಂದಿನದನ್ನು ಬರೆಯುವಾಗ ನೋವಾಗುತ್ತದೆ.

ನನ್ನ ತಂಗಿಗೆ ಇಬ್ಬರು ಹೆಣ್ಣುಮಕ್ಕಳು. ಮೂರನೆಯ ಸಲ ಬಸುರಿಯಾದಾಗ ಸ್ಕ್ಯಾನಿಂಗ್‌ಗೆ ನಾನೂ ಜೊತೆಗೆ ಹೋಗಿದ್ದೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ತವರಿನ ಕಡೆಯದೇ ಒಂದು ಸೆಂಟರ್. ಹಾಲ್ ತುಂಬ ಜನ. ಕೌಂಟರಿನ ಹುಡುಗಿ ಕೂತಲ್ಲಿಂದಲೇ ಕೇಳಿದಳು: ಗಂಡನ ಹೆಸರೇನು? ಮಕ್ಕಳೆಷ್ಟು? ಗಂಡೆಷ್ಟು, ಹೆಣ್ಣೆಷ್ಟು? ತಂಗಿ ಮೆಲ್ಲಗೆ ಹೇಳಿದಳು. "ಎರಡೂ ಹೆಣ್ಣಾ?" ಅಂತ ಇನ್ನೂ ಗಟ್ಟಿಯಾಗಿ ಪ್ರಶ್ನೆ ಬಂತು. ಪಕ್ಕದ ಬೆಂಚಿನ ಅಜ್ಜಿಯೊಬ್ಬರು ತಂಗಿಯ ಕೈ ಹಿಡಿದು, "ಈ ಸಲ ಗಂಡಾಗ್ತದೆ ಮಗಾ, ಬೇಜಾರು ಮಾಡ್ಬೇಡ" ಅಂದರು. ತಂಗಿಗೆ ಅಲ್ಲಿಯವರೆಗೆ ಬೇಜಾರೇ ಇರಲಿಲ್ಲ. ಮನೆಗೆ ಬಂದು ಅತ್ತಳು.

ಆ ಪ್ರಶ್ನೆ ಫಾರಂನಲ್ಲಿ ಸುಮ್ನೆ ಬಂದದ್ದಲ್ಲ. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಅಂತ ಪತ್ತೆ ಮಾಡಬಾರದು ಅನ್ನುವ 1994ರ ಕಾಯ್ದೆ ಇದೆ ಅಲ್ವಾ, ಅದರ 'ಎಫ್' ಫಾರಂ ಅದು. ಸ್ಕ್ಯಾನಿಂಗ್‌ಗೆ ಬರುವ ಪ್ರತಿ ಬಸುರಿಯ ಹೆಸರಿನಲ್ಲೂ ತುಂಬಬೇಕು. ಇರುವ ಮಕ್ಕಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಯಾರಿಗೆ ಎಷ್ಟು ವಯಸ್ಸು ಅಂತ ಅದರಲ್ಲಿ ಬರೆಯಲೇಬೇಕು. ಹೆಣ್ಣುಮಕ್ಕಳನ್ನು ಉಳಿಸುವುದಕ್ಕೆ ಮಾಡಿದ ಪ್ರಶ್ನೆ. ಅದನ್ನೇ ನಲವತ್ತು ಜನರ ಮುಂದೆ ಕೂಗಿ ಕೇಳಿದರೆ, ಎರಡು ಹೆಣ್ಣು ಹೆತ್ತವಳಿಗೆ ಸಿಗುವುದು ಕನಿಕರ. ಕಾಗದದಲ್ಲಿ ತಪ್ಪಿಲ್ಲ. ಕೇಳುವ ಜಾಗದಲ್ಲಿ ತಪ್ಪಿದೆ.

ನಮ್ಮೂರಿನಲ್ಲಿ ಇದು ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ ಯಾವ ಮನೆ, ಯಾರ ಸೊಸೆ, ಮಕ್ಕಳೆಷ್ಟು ಅಂತ ಕೇಳುತ್ತಾರೆ. ಅದು ಪ್ರೀತಿಯೇ, ನಾನೂ ಕೇಳುತ್ತೇನೆ. ಆದರೆ ಬಸ್ಸಿನಲ್ಲಿ ಬೇಡವಾದರೆ ಮಾತು ತಿರುಗಿಸಬಹುದು. ಆಸ್ಪತ್ರೆಯಲ್ಲಿ ಹಾಗಾಗುವುದಿಲ್ಲ. ಮುಟ್ಟು ನಿಂತಿದೆಯಾ, ಎಷ್ಟು ಸಲ ಗರ್ಭಪಾತ ಆಗಿದೆ, ಕುಡಿತ ಇದೆಯಾ ಅಂತ ಕೇಳಿದರೆ ಹೇಳಲೇಬೇಕು. ನಿಜ ಹೇಳದಿದ್ದರೆ ಮದ್ದು ತಪ್ಪುತ್ತದೆ. ಸೊಸೆ, ಮಗ, ಹಿಂದೆ ನಿಂತ ನೆರೆಮನೆಯವರು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರೆ ಯಾರು ನಿಜ ಹೇಳುತ್ತಾರೆ?

ಹಾಗಂತ ಇಲ್ಲಿ ಕೇರಳದಲ್ಲಿ ಎಲ್ಲ ಸರಿ ಇದೆಯಾ? 30 ವರ್ಷ ದಾಟಿದವರ ಆರೋಗ್ಯ ವಿಚಾರಿಸುವ ಫಾರಂ ಹಿಡಿದು ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದಾಗ, ಜಗಲಿಯಲ್ಲೇ ಎಲ್ಲರ ಮುಂದೆ ಸೊಂಟದ ಸುತ್ತಳತೆ ತೆಗೆದು, ಬೀಡಿ ಉಂಟಾ, ಕುಡಿತ ಉಂಟಾ ಅಂತ ಕೇಳಿದರು. ಮಾವ ಇಲ್ಲ ಅಂದರು. ದೊಡ್ಡ ಕಾಯಿಲೆ ಬಂದರೆ ನಾವು ಓಡುವುದು ಈಗಲೂ ಮಂಗಳೂರಿಗೇ. 2020ರಲ್ಲಿ ಕೊರೋನಾ ಅಂತ ಮಂಗಳೂರು ದಾರಿಯ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಕಾಸರಗೋಡಿನವರು ಪಟ್ಟ ಪಾಡು ಯಾರೂ ಮರೆತಿಲ್ಲ.

ಇನ್ನೊಂದನ್ನೂ ಒಪ್ಪಲೇಬೇಕು. ಅತ್ತೆಯ ಆ ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಅವತ್ತಿನ ಸಿಸ್ಟರಿಗೆ ಅಷ್ಟಿಷ್ಟು ಕನ್ನಡ, ತುಳು ಬರುತ್ತಿತ್ತು, ಅದಕ್ಕೆ ಬಾಗಿಲು ಮುಚ್ಚಿ ಕೇಳಲು ಆಯಿತು. ಕನ್ನಡ ಬಾರದ ಸಿಸ್ಟರ್ ಇದ್ದಿದ್ದರೆ ಭಾಷೆ ತಿರುಗಿಸಿ ಹೇಳುವುದಕ್ಕೆ ನನ್ನನ್ನೇ ಒಳಗೆ ಕರೆಯಬೇಕಿತ್ತು. ಅತ್ತೆ ಆಗ ಮೊಣಗಂಟಿನ ಮಾತು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ವಿಟ್ಲದಲ್ಲಿ ಅಮ್ಮನಿಗೆ ಈ ಕಷ್ಟ ಇಲ್ಲ. ಡಾಕ್ಟರು, ಸಿಸ್ಟರು, ಔಷಧ ಅಂಗಡಿಯವರು ಎಲ್ಲರ ಹತ್ತಿರವೂ ತನ್ನ ಮಾತಿನಲ್ಲೇ ಹೇಳಿಕೊಳ್ಳಬಹುದು.

ಇಲ್ಲಿನ ಕನ್ನಡದವರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಕಾಯ್ದೆ ಹೇಳುತ್ತದೆ. ಅತ್ತೆಯನ್ನು ಆ ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಮುಂದಿನ ವಾರ ಹೋಗಲಿಕ್ಕಿದೆ. ಫಾರಂ ಕನ್ನಡದಲ್ಲಿ ಬೇಕು ಅಂತ ಒಂದು ಅರ್ಜಿ ಬರೆದಿಟ್ಟಿದ್ದೇನೆ. ಅದನ್ನು ಕೌಂಟರಿನಲ್ಲಿ ಕೊಟ್ಟು, ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ.